ಕ್ರುಸೇಡಿನ ಕೊನೆಯ ಅಲೆ: ಹೊನ್ನಾವರ, ಭಟ್ಕಳ, ಮಿರ್ಜಾನ್

1095ರಲ್ಲಿ ಪೋಪ್ ಎರಡನೇ ಅರ್ಬನ್ ಫ್ರಾನ್ಸಿನ ಕ್ಲೆರ್ಮಾಂಟ್‌ನಲ್ಲಿ ಕೊಟ್ಟ ಕರೆಯಿಂದ ಆರಂಭವಾದ ಕ್ರುಸೇಡ್ ಯುದ್ಧಗಳು ಜೆರುಸಲೇಮಿಗಾಗಿ ನಡೆದವು. 1099ರಲ್ಲಿ ಕ್ರೈಸ್ತ ಸೈನ್ಯ ಆ ನಗರವನ್ನು ಹಿಡಿಯಿತು. 1187ರಲ್ಲಿ ಸಲಾಹುದ್ದೀನ್ ಅದನ್ನು ಮರಳಿ ಗೆದ್ದ. 1291ರಲ್ಲಿ ಈಜಿಪ್ಟಿನ ಮಮ್ಲೂಕ್ ಸುಲ್ತಾನರು ಆಕ್ರೆ ಬಂದರನ್ನು ಕಿತ್ತುಕೊಂಡಾಗ ಪ್ಯಾಲೆಸ್ಟೈನಿನ ಕ್ರೈಸ್ತ ಆಳ್ವಿಕೆ ಮುಗಿಯಿತು. ಆದರೆ ಆ ಯುದ್ಧದ ಹುರುಪು ಪೋರ್ಚುಗಲ್ಲಿನಲ್ಲಿ ಆರಲಿಲ್ಲ. ಎರಡು ಶತಮಾನ ಕಳೆದ ಮೇಲೆ ಅದು ಹಡಗೇರಿ ಹೊನ್ನಾವರ, ಭಟ್ಕಳದ ಅಳಿವೆಗಳಿಗೆ ಬಂತು.

ಪೋರ್ಚುಗಲ್ ಎಂಬ ರಾಜ್ಯ ಬೆಳೆದದ್ದೇ ಕ್ರುಸೇಡಿನ ನೆರಳಿನಲ್ಲಿ. 1147ರಲ್ಲಿ ಪ್ಯಾಲೆಸ್ಟೈನಿಗೆ ಹೊರಟಿದ್ದ ಉತ್ತರ ಯೂರೋಪಿನ ಯೋಧರು ದಾರಿಯಲ್ಲಿ ತಂಗಿ, ಲಿಸ್ಬನ್ನನ್ನು ಮುಸ್ಲಿಮರಿಂದ ಗೆಲ್ಲಲು ದೊರೆ ಅಫೋನ್ಸೊಗೆ ನೆರವಾದರು. ಟೆಂಪ್ಲರ್ ಎಂಬ ಯೋಧ ಸನ್ಯಾಸಿಗಳ ಸಂಘವನ್ನು ಚರ್ಚು ವಿಸರ್ಜಿಸಿದಾಗ, ಪೋರ್ಚುಗಲ್ಲಿನಲ್ಲಿದ್ದ ಅದರ ಆಸ್ತಿ 1319ರಲ್ಲಿ ಸ್ಥಾಪನೆಯಾದ ‘ಆರ್ಡರ್ ಆಫ್ ಕ್ರೈಸ್ಟ್’ಗೆ ಸೇರಿತು. ವಾಸ್ಕೋ ಡ ಗಾಮನ ಹಡಗುಗಳ ಪಟಗಳ ಮೇಲಿದ್ದ ಕೆಂಪು ಶಿಲುಬೆ ಈ ಸಂಘದ್ದು. 1452 ಮತ್ತು 1455ರಲ್ಲಿ ಪೋಪ್ ಐದನೇ ನಿಕೋಲಸ್ ಹೊರಡಿಸಿದ ಶಾಸನಗಳು ಮುಸ್ಲಿಮರ ಮತ್ತು ಇತರ ಕ್ರೈಸ್ತೇತರರ ನಾಡುಗಳನ್ನು ಗೆಲ್ಲುವ ಹಕ್ಕನ್ನು ಪೋರ್ಚುಗೀಸ್ ದೊರೆಗೆ ಕೊಟ್ಟವು. ದೊರೆ ಮನುವೆಲ್‌ನ ಲೆಕ್ಕಾಚಾರ ಸರಳವಾಗಿತ್ತು. ಕೆಂಪು ಸಮುದ್ರದ ಮೂಲಕ ಕೈರೋಗೆ ಹೋಗುತ್ತಿದ್ದ ಕಾಳುಮೆಣಸನ್ನು ತಡೆದರೆ ಮಮ್ಲೂಕರ ಸುಂಕದ ಆದಾಯ ಬತ್ತುತ್ತದೆ, ಜೆರುಸಲೇಮಿನ ದಾರಿ ತೆರೆಯುತ್ತದೆ. ಘಟ್ಟದ ಕೆಳಗಿನ ಮೆಣಸಿನ ಬಂದರುಗಳು ಈ ಯುದ್ಧದೊಳಗೆ ಸಿಕ್ಕಿಕೊಂಡದ್ದು ಹೀಗೆ.

ಈ ಕರಾವಳಿಯಲ್ಲಿ ಅಷ್ಟರೊಳಗೆ ಅರಬ್ಬಿ ಮೂಲ ಹೇಳಿಕೊಳ್ಳುವ ನವಾಯತರು ಹಲವು ತಲೆಮಾರುಗಳಿಂದ ನೆಲೆಸಿದ್ದರು. 1342ರ ಸುಮಾರಿಗೆ ಹೊನ್ನಾವರಕ್ಕೆ ಬಂದ ಮೊರೊಕ್ಕೊದ ಯಾತ್ರಿಕ ಇಬ್ನ್ ಬತೂತ ಅಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡ. ಇಲ್ಲಿನ ಹೆಂಗಸರಿಗೆ ಕುರಾನ್ ಬಾಯಿಪಾಠವೆಂದು ಮೆಚ್ಚಿ ಬರೆದ. ಹೊನ್ನಾವರದ ಸುಲ್ತಾನ ಜಮಾಲುದ್ದೀನ್ ಮೇಲುನಾಡಿನ ಹಿಂದೂ ಅರಸನಿಗೆ ಅಧೀನನಾಗಿದ್ದ. ಅವನು 52 ಹಡಗುಗಳೊಡನೆ ಗೋವೆಯ ಮೇಲೆ ಹೋದಾಗ ಬತೂತನೂ ಅದನ್ನು ಜಿಹಾದ್ ಎಂದು ಭಾವಿಸಿ ಜೊತೆಗೂಡಿದ. ಆದರೆ ಆ ದಂಡಯಾತ್ರೆಗೆ ಕರೆದವನು ತಂದೆಯೊಡನೆ ಜಗಳವಾಡಿದ್ದ ಗೋವೆಯ ಅರಸನ ಮಗ. ಇಲ್ಲಿ ಧರ್ಮದ ಹೆಸರಿನ ಯುದ್ಧಗಳ ಒಳಗೆ ಇಂಥ ಮನೆತನದ, ವ್ಯಾಪಾರದ ಕಾರಣಗಳು ಯಾವಾಗಲೂ ಇದ್ದವು. ವಿಜಯನಗರದ ಎರಡನೇ ವಿರೂಪಾಕ್ಷನ ಕಾಲದಲ್ಲಿ ಭಟ್ಕಳದ ಮುಸ್ಲಿಂ ವರ್ತಕರ ಕಗ್ಗೊಲೆ ನಡೆದದ್ದಕ್ಕೆ ಪೋರ್ಚುಗೀಸ್ ಇತಿಹಾಸಕಾರ ಬರೋಸ್ ಕೊಡುವ ಕಾರಣವೂ ಕುದುರೆಗಳೇ: ಆ ವರ್ತಕರು ಅವನ್ನು ವಿಜಯನಗರದ ಶತ್ರುಗಳಾದ ಬಹಮನಿ ಸುಲ್ತಾನರಿಗೆ ಮಾರಿದ್ದರು. ಬದುಕುಳಿದವರು ಗೋವೆಗೆ ಹೋಗಿ ನೆಲೆಸಿದರು.

1502ರಲ್ಲಿ ಎರಡನೇ ಬಾರಿ ಬಂದ ಗಾಮ ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟ. ಭಟ್ಕಳದ ಮೇಲೆ ಅಕ್ಕಿಯ ಕಪ್ಪ ಹೇರಿದ. ಅಲ್ಲಿ ಮೆಣಸಿನ ವ್ಯಾಪಾರ ನಡೆಯಬಾರದು, ತುರ್ಕರನ್ನು ಬರಗೊಡಬಾರದು ಎಂಬ ಷರತ್ತುಗಳನ್ನೂ ವಿಧಿಸಿದ. ಆಮೇಲೆ ಕಣ್ಣೂರಿನ ಬಳಿ ಮೆಕ್ಕಾದಿಂದ ಮರಳುತ್ತಿದ್ದ ‘ಮೀರಿ’ ಎಂಬ ಹಡಗಿಗೆ ಬೆಂಕಿಯಿಟ್ಟು ನೂರಾರು ಯಾತ್ರಿಕರನ್ನು, ಹೆಂಗಸರನ್ನು ಕೂಡ, ಕೊಂದ. ಹಡಗಿನವರು ಒಡ್ಡಿದ ಹಣ ಅವರ ಜೀವ ಉಳಿಸಲಿಲ್ಲ. ಬರೀ ವ್ಯಾಪಾರದ ಲಾಭ ಈ ಕ್ರೌರ್ಯವನ್ನು ವಿವರಿಸಲಾರದು. ಮುಸ್ಲಿಮನೆಂದರೆ ಶತ್ರು ಎಂಬ ಕ್ರುಸೇಡಿನ ಪಾಠ ಇದರ ಹಿಂದಿತ್ತು. 1505ರಲ್ಲಿ ವೈಸ್‌ರಾಯ್ ಅಲ್ಮೇಡ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಿಸಿ, ಹೊನ್ನಾವರದ ಮೇಲೆ ಮತ್ತೆ ದಾಳಿ ಮಾಡಿ ಬಂದರಿನ ಹಡಗುಗಳನ್ನು ಸುಟ್ಟ.

ಇಷ್ಟು ಸಲ ಸುಟ್ಟ ಹೊನ್ನಾವರದಿಂದಲೇ ಪೋರ್ಚುಗೀಸರಿಗೆ ಅತ್ಯಂತ ಉಪಯುಕ್ತನಾದ ಮಿತ್ರ ಸಿಕ್ಕಿದ. ತಿಮ್ಮೋಜ, ಪೋರ್ಚುಗೀಸರ ಬರಹಗಳ ‘ತಿಮೋಜ’, ಹಿಂದೂ ನೌಕಾನಾಯಕ. ಬಿಜಾಪುರಕ್ಕೆ ಸೇರಿದ ಗೋವೆಯ ವರ್ತಕರ ಹಡಗುಗಳು ಅವನ ಬೇಟೆ. 1510ರ ಆರಂಭದಲ್ಲಿ ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕ್ ಕೆಂಪು ಸಮುದ್ರದತ್ತ ಹೊರಟಿದ್ದಾಗ, ಮೊದಲು ಗೋವೆಯನ್ನು ಹಿಡಿಯುವಂತೆ ಅವನ ಮನಸ್ಸು ತಿರುಗಿಸಿದವನು ಇವನೇ. ಅದೇ ವರ್ಷ ಗೋವೆ ಒಮ್ಮೆ ಸಿಕ್ಕಿ, ಕೈತಪ್ಪಿ, ನವೆಂಬರ್ 25ರಂದು ಮತ್ತೆ ಸಿಕ್ಕಿತು. ಆಗ ನಡೆದ ಮುಸ್ಲಿಮರ ಹತ್ಯೆಯಲ್ಲಿ ಆರು ಸಾವಿರ ಜನ ಸತ್ತರೆಂದು ಆಲ್ಬುಕರ್ಕ್ ತಾನೇ ದೊರೆಗೆ ಬರೆದ. ಭಟ್ಕಳದಿಂದ ಓಡಿಹೋಗಿದ್ದ ವರ್ತಕರು ಸೇರಿಕೊಂಡಿದ್ದ ಊರು ಇದು. ಮುಂದೆ ಹಾರ್ಮುಜ್‌ನ ಕುದುರೆಗಳನ್ನು ಗೋವೆಯಲ್ಲೇ ಇಳಿಸಬೇಕೆಂಬ ಕಟ್ಟಳೆ ಬಂದು ಭಟ್ಕಳದ ಆದಾಯಕ್ಕೆ ದೊಡ್ಡ ಪೆಟ್ಟು ಬಿತ್ತು. ಆಲ್ಬುಕರ್ಕ್‌ನ ಆಸೆ ಮೆಕ್ಕಾದವರೆಗೂ ಚಾಚಿತ್ತು; 1513ರಲ್ಲಿ ಅವನು ಏಡನ್ನಿಗೆ ಮುತ್ತಿಗೆ ಹಾಕಿ ಸೋತ. ಮಮ್ಲೂಕರ ಆಳ್ವಿಕೆಯನ್ನು 1517ರಲ್ಲಿ ಕೊನೆಗಾಣಿಸಿದವರು ಕ್ರೈಸ್ತರಲ್ಲ, ತುರ್ಕಿಯ ಆಟೊಮನ್ನರು.

ಭಟ್ಕಳದ ನೋವು ಅಲ್ಲಿಗೆ ತೀರಲಿಲ್ಲ. ಕಪ್ಪದ ತಗಾದೆಯಿಂದ 1542ರಲ್ಲಿ ಗವರ್ನರ್ ಮಾರ್ತಿಂ ಅಫೋನ್ಸೊ ಡಿ ಸೋಜ ಊರನ್ನು ಲೂಟಿ ಮಾಡಿ ಸುಟ್ಟ. ಆಗ ಅಲ್ಲಿ ಆಳುತ್ತಿದ್ದವಳು ಜೈನ ರಾಣಿ. ಶತ್ರು ಮುಸ್ಲಿಮನೇ ಆಗಿರಬೇಕೆಂಬ ನಿಯಮ ಇಷ್ಟರಲ್ಲಿ ಸಡಿಲವಾಗಿತ್ತು.

1552ರಿಂದ 1606ರವರೆಗೆ ಗೇರುಸೊಪ್ಪೆಯಿಂದ ಆಳಿದ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ಈಗಿನ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿಯ ಬದಿಯಲ್ಲಿರುವ ಮಿರ್ಜಾನ್ ಅವಳ ಮೆಣಸು ಹಡಗೇರುತ್ತಿದ್ದ ಬಂದರು. 1569ರಲ್ಲಿ ವೈಸ್‌ರಾಯ್ ಲೂಯಿಸ್ ಡಿ ಅತಾಯ್ದೆ ಹೊನ್ನಾವರವನ್ನು ಹಿಡಿದು ಕೋಟೆ ಕಟ್ಟಿಸಿದ. ಮರುವರ್ಷ ಬಿಜಾಪುರದ ಅಲಿ ಆದಿಲ್ ಶಾ, ಅಹಮದ್‌ನಗರದ ನಿಜಾಮ್ ಶಾ, ಕಲ್ಲಿಕೋಟೆಯ ಸಾಮೂದಿರಿ ಒಟ್ಟಾಗಿ ಪೋರ್ಚುಗೀಸರ ಮೇಲೆ ಬಿದ್ದಾಗ ರಾಣಿ ಅವರ ಪಕ್ಷ ಸೇರಿ, ಆದಿಲ್ ಶಾಹಿ ಪಡೆಯ ನೆರವಿನಿಂದ ಹೊನ್ನಾವರಕ್ಕೆ ಮುತ್ತಿಗೆ ಹಾಕಿದಳು. ಕೋಟೆ ಬೀಳಲಿಲ್ಲ. ಮಲಬಾರಿನ ಜೈನುದ್ದೀನ್ ಮಖ್ದೂಮ್ ಪೋರ್ಚುಗೀಸರ ವಿರುದ್ಧ ಜಿಹಾದ್‌ಗೆ ಕರೆ ಕೊಟ್ಟ ತನ್ನ ಗ್ರಂಥವನ್ನು ಅರ್ಪಿಸಿದ್ದು ಇದೇ ಅಲಿ ಆದಿಲ್ ಶಾನಿಗೆ. ಆದರೂ ಅವನ ಪಕ್ಷದಲ್ಲಿ ಹಿಂದೂ ಸಾಮೂದಿರಿಯೂ ಜೈನ ರಾಣಿಯೂ ಇದ್ದರು. 1571ರ ಅಕ್ಟೋಬರ್‌ನಲ್ಲಿ ಪೋಪರ ಪವಿತ್ರ ಕೂಟ ಗ್ರೀಸಿನ ಬಳಿಯ ಲೆಪಾಂಟೊದಲ್ಲಿ ತುರ್ಕಿ ನೌಕಾಪಡೆಯನ್ನು ಸೋಲಿಸಿದಾಗ ಅಲ್ಲಿನ ರಣರೇಖೆ ಹೆಚ್ಚುಕಡಿಮೆ ಧರ್ಮದ ಮೇಲೆಯೇ ಎಳೆದದ್ದಾಗಿತ್ತು. ಹೊನ್ನಾವರದ ಶರಾವತಿ ಅಳಿವೆಯಲ್ಲಿ ಹಾಗೆ ಆಗಲೇ ಇಲ್ಲ. ತಿಮ್ಮೋಜನಾಗಲಿ ಚೆನ್ನಭೈರಾದೇವಿಯಾಗಲಿ ಮಿತ್ರರನ್ನು ಆರಿಸಿಕೊಂಡದ್ದು ಬಂದರಿನ ಹಿತ ನೋಡಿ.

ಚೆನ್ನಭೈರಾದೇವಿಯನ್ನು ಸೋಲಿಸಿ ಸೆರೆಯಲ್ಲಿಟ್ಟವರು ಕೆಳದಿಯ ನಾಯಕರು. ಪೋರ್ಚುಗೀಸರಿಂದ ಹೊನ್ನಾವರವನ್ನು ಬಿಡಿಸಿದವರೂ ಅವರೇ: 1654ರಲ್ಲಿ ಶಿವಪ್ಪ ನಾಯಕನ ಸೈನ್ಯ ಆ ಕೋಟೆಯನ್ನು ವಶಪಡಿಸಿಕೊಂಡಿತು. 1678ರ ಒಪ್ಪಂದದಲ್ಲಿ ಕೆಳದಿ ಅರಸರು ಮಿರ್ಜಾನ್, ಚಂದಾವರ, ಹೊನ್ನಾವರ ಮತ್ತು ಭಟ್ಕಳದಲ್ಲಿ ಚರ್ಚ್ ಕಟ್ಟಲು ಪೋರ್ಚುಗೀಸರಿಗೆ ಅನುಮತಿ ಕೊಟ್ಟರು.