ಮಣ್ಣು ಮರೆಯದ ಮಳೆ

ಮುಂಗಾರಿಗೆ ಮುನ್ನ ಬೀಳುವ ಮೊದಲ ಮಳೆಯಲ್ಲಿ ಏಳುವ ಮಣ್ಣಿನ ವಾಸನೆ ನಿಮಗೆ ಗೊತ್ತು. ಅದಕ್ಕೆ ಮುಖ್ಯ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಗಳು ತಯಾರಿಸುತ್ತವೆ. ಅದೇ ಹೊತ್ತಿಗೆ ವಾಸನೆಯಿಲ್ಲದ ಇನ್ನೊಂದು ಅನಿಲವೂ ಮಣ್ಣಿನಿಂದ ಧಾರಾಳವಾಗಿ ಹೊರಬರುತ್ತದೆ. ಅದು ಕಾರ್ಬನ್ ಡೈಆಕ್ಸೈಡ್.

ಒಣಗಿಸಿದ ಮಣ್ಣಿನ ಫಲವತ್ತತೆ ಹೆಚ್ಚುತ್ತದೆಂದು ರಷ್ಯದ ಲೆಬೆದ್ಯಾಂತ್ಸೆವ್ 1924ರಲ್ಲಿಯೇ ಬರೆದಿದ್ದರು. 1950ರ ದಶಕದಲ್ಲಿ ಕೀನ್ಯದ ಮುಗುಗಾದಲ್ಲಿ ಎಚ್. ಎಫ್. ಬರ್ಚ್ ಇದನ್ನು ಕ್ರಮವಾಗಿ ಪರೀಕ್ಷಿಸಿದರು. ಮಣ್ಣನ್ನು ಒಣಗಿಸಿ ನೆನೆಸಿದಾಗಲೆಲ್ಲ ಸಾವಯವ ವಸ್ತುವಿನ ಕೊಳೆಯುವಿಕೆ ಒಮ್ಮೆಗೇ ಏರಿ, ಬಳಿಕ ಇಳಿಯುತ್ತಿತ್ತು. ಜೊತೆಗೆ ಬೆಳೆಗೆ ಬೇಕಾದ ನೈಟ್ರೊಜನ್ನೂ ಬಿಡುಗಡೆಯಾಗುತ್ತಿತ್ತು. ಒಣಗಿದ ಅವಧಿ ದೀರ್ಘವಾದಷ್ಟೂ ಏರಿಕೆ ಹೆಚ್ಚು! 1958ರಲ್ಲಿ ಅವರು ಪ್ರಕಟಿಸಿದ ಈ ವಿದ್ಯಮಾನವೇ 'ಬರ್ಚ್ ಪರಿಣಾಮ'. (ಹೊಲವನ್ನು ಮಾಗಿ ಉಳುಮೆ ಮಾಡಿ ಬಿಸಿಲಿಗೆ ಬಿಡಲು ನಮ್ಮ ರೈತರು ಬರ್ಚ್‌ಗಾಗಿ ಕಾದಿರಲಿಲ್ಲವೆನ್ನಿ.)

ಹೀಗೇಕೆ? ಮಣ್ಣು ಒಣಗುವಾಗ ಹಲವು ಬ್ಯಾಕ್ಟೀರಿಯಗಳು ನೀರನ್ನು ಹಿಡಿದಿಡಲು ಪ್ರೊಲೀನ್, ಟ್ರೆಹಲೋಸ್‌ನಂಥ ವಸ್ತುಗಳನ್ನು ಕೋಶದೊಳಗೆ ಕೂಡಿಡುತ್ತವೆ. ಮಳೆ ಬಿದ್ದೊಡನೆ ನೀರು ಒಳನುಗ್ಗುತ್ತದೆ. ಕೂಡಿಟ್ಟದ್ದನ್ನು ಬೇಗನೆ ಹೊರಹಾಕದ ಕೋಶ ಒಡೆಯುತ್ತದೆ. ಹೊರಬಿದ್ದದ್ದು ಉಳಿದವುಗಳಿಗೆ ಆಹಾರ.

ಎಲ್ಲ ಊರಿನ ಬ್ಯಾಕ್ಟೀರಿಯಗಳೂ ತೇವಾಂಶಕ್ಕೆ ಒಂದೇ ರೀತಿ ಸ್ಪಂದಿಸುತ್ತವೆಂದು ಹವಾಮಾನದ ದೊಡ್ಡ ಗಣಿತ ಮಾದರಿಗಳು ಭಾವಿಸಿದ್ದವು. 2003ರಲ್ಲಿ ಫಿಯರರ್, ಶಿಮೆಲ್ ಮತ್ತು ಹೋಲ್ಡನ್ ಕ್ಯಾಲಿಫೋರ್ನಿಯದ ಮಣ್ಣುಗಳನ್ನು ಎರಡು ತಿಂಗಳು ಮತ್ತೆ ಮತ್ತೆ ಒಣಗಿಸಿ ನೆನೆಸಿದರು. ಓಕ್ ಮರಗಳ ಕೆಳಗಿನ ಮಣ್ಣಿನಲ್ಲಿ ಬ್ಯಾಕ್ಟೀರಿಯಗಳ ಬಳಗವೇ ಬದಲಾಯಿತು. ಬಿಸಿಲಿಗೆ ಒಡ್ಡಿಕೊಂಡೇ ಇದ್ದ ಹುಲ್ಲುಗಾವಲಿನ ಮಣ್ಣಿನಲ್ಲಿ ಹಾಗಾಗಲಿಲ್ಲ. 2017ರಲ್ಲಿ ಕ್ರಿಸ್ಟೀನ್ ಹಾಕ್ಸ್ ತಂಡ ಇನ್ನೂ ಸ್ಪಷ್ಟ ಸಾಕ್ಷ್ಯ ನೀಡಿತು. ವಾರ್ಷಿಕ ಮಳೆಯಲ್ಲಿ 480 ಮಿಲಿಮೀಟರ್ ಅಂತರವಿರುವ ಟೆಕ್ಸಸ್‌ನ ಪ್ರದೇಶಗಳಲ್ಲಿ, ಒಣ ಕಡೆಯಿಂದ ಮಳೆಯ ಕಡೆಗೆ ಹೋದಂತೆ ಮಣ್ಣಿನ ಉಸಿರಾಟದ ತೇವಾಂಶ-ಸಂವೇದನೆ ನಾಲ್ಕು ಪಟ್ಟಾಗಿತ್ತು. ಮಣ್ಣನ್ನು ಬೇರೆ ಪರಿಸರದಲ್ಲಿ ಇರಿಸಿದರೂ ಹಳೆಯ ಗುಣ ಸುಲಭವಾಗಿ ಬಿಡಲಿಲ್ಲ.

ಈಗ ದಾವಣಗೆರೆ ಜಿಲ್ಲೆಯ ನಕ್ಷೆ ನೋಡಿ. ಪಶ್ಚಿಮದಲ್ಲಿ ಮಲೆನಾಡಿನ ಸೆರಗಿಗೆ ತಾಗಿದ ನ್ಯಾಮತಿ. ಪೂರ್ವದಲ್ಲಿ ಬರಕ್ಕೆ ಹೆಸರಾದ ಜಗಳೂರು. ತುಂಗಭದ್ರೆಯ ನೀರನ್ನೆತ್ತಿ ಜಗಳೂರಿನ ಕೆರೆಗಳಿಗೆ ಹರಿಸುವ ಯೋಜನೆಯೂ ಬಂದಿದೆ. ಕೆರೆ ತುಂಬಿ ಹೊಲ ನೆನೆದರೂ ಅಲ್ಲಿನ ಬ್ಯಾಕ್ಟೀರಿಯಗಳು ಕೆಲಕಾಲ ಬರದ ಅಭ್ಯಾಸದಲ್ಲೇ ನಡೆದುಕೊಂಡರೆ, ಗೊಬ್ಬರ ಕೊಳೆಯುವ ವೇಗವನ್ನು ನ್ಯಾಮತಿಯ ಲೆಕ್ಕದಲ್ಲಿ ಅಂದಾಜು ಮಾಡುವುದು ತಪ್ಪಾದೀತು.

ಇದನ್ನು ನಿಮ್ಮ ಕಾಲೇಜಿನಲ್ಲೇ ಪರೀಕ್ಷಿಸಬಹುದು. ಎರಡೂ ಊರಿನ ಮಣ್ಣನ್ನು ನೆರಳಲ್ಲಿ ಒಣಗಿಸಿ, ಜರಡಿ ಹಿಡಿದು, ಸಮತೂಕದಲ್ಲಿ ಬಾಟಲಿಗಳಿಗೆ ಹಾಕಿ. ಇಬ್ಬರಿಗೂ ಒಂದೇ ಅಳತೆಯ ನೀರು ಎಂಬ ಸಮಾನತೆ ಇಲ್ಲಿ ಬೇಡ. ಮಣ್ಣು ಹಿಡಿದಿಡಬಲ್ಲ ನೀರಿನ ಕಾಲುಭಾಗ, ಅರ್ಧ, ಮುಕ್ಕಾಲು ಭಾಗದಂತೆ ಹಾಕಿ. ಬಾಟಲಿಯೊಳಗೆ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಪುಟ್ಟ ಬಟ್ಟಲಿಟ್ಟು ಬಿಗಿಯಾಗಿ ಮುಚ್ಚಿ. ಮಣ್ಣಿಲ್ಲದ ಬಾಟಲಿಯೊಂದೂ ಇರಲಿ. ಮರುದಿನ ದ್ರಾವಣಕ್ಕೆ ಬೇರಿಯಂ ಕ್ಲೋರೈಡ್ ಬೆರೆಸಿ, ಫೀನಾಲ್ಫ್ತಲೀನ್ ಸೂಚಕ ಹಾಕಿ, ಹೈಡ್ರೊಕ್ಲೋರಿಕ್ ಆಮ್ಲದೊಡನೆ ಟೈಟ್ರೇಟ್ ಮಾಡಿದರೆ ಹೀರಿದ ಕಾರ್ಬನ್ ಡೈಆಕ್ಸೈಡ್ ಎಷ್ಟೆಂದು ತಿಳಿಯುತ್ತದೆ. ತೇವಾಂಶಕ್ಕೆ ಎದುರಾಗಿ ಅದನ್ನು ಗ್ರಾಫಿನಲ್ಲಿ ಗುರುತಿಸಿ, ಎರಡೂ ರೇಖೆಗಳ ಇಳಿಜಾರನ್ನು ಹೋಲಿಸಿ. ಮಣ್ಣುಗಳ ಸಾವಯವ ಇಂಗಾಲವನ್ನೂ ಮೊದಲೇ ಅಳೆದಿಡಿ. ಇಲ್ಲದಿದ್ದರೆ ಆಹಾರದ ವ್ಯತ್ಯಾಸವನ್ನೇ ಹಳೆಯ ಮಳೆಯ ಪ್ರಭಾವವೆಂದು ತಿಳಿದೀರಿ.