ಬೊಮ್ಮಸಂದ್ರದ ಬಿಸಿನೀರು

ಹೊಸೂರು ಹೆದ್ದಾರಿಯ ಮಗ್ಗುಲಲ್ಲಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯು ನಿವೇಶನಗಳ ಕಲ್ಲು ನೆಡುವುದಕ್ಕೆ ಮುನ್ನ, ಕೆರೆಯೂ ರಾಗಿಯ ಹೊಲಗಳೂ ಉಳ್ಳ ಆನೇಕಲ್ ತಾಲ್ಲೂಕಿನ ಒಂದು ಸಾಧಾರಣ ಗ್ರಾಮವಾಗಿದ್ದ ಬೊಮ್ಮಸಂದ್ರದಲ್ಲಿ, ಸ್ನಾನದ ಬಿಸಿನೀರು ಬಚ್ಚಲ ಮೂಲೆಯ ಒಲೆಗೆ ಹೂಡಿದ ಹಂಡೆಯ ಅಧೀನದಲ್ಲಿದ್ದಿತು. ನೀರು ತುಂಬುವ ಹಬ್ಬದ ಸಂಜೆ ಆ ಹಂಡೆಯನ್ನು ಹುಣಿಸೆಹಣ್ಣಿನಿಂದ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಬಳಿದು, ಹೊಸ ನೀರು ತುಂಬಿ ಪೂಜಿಸಿ, ಮರುದಿನದ ಅಭ್ಯಂಜನಕ್ಕೆ ಅಣಿಗೊಳಿಸುವ ಪದ್ಧತಿ ಮೈಸೂರು ಸೀಮೆಯಲ್ಲೆಲ್ಲ ಇದ್ದುದೇ. ಮಿಕ್ಕ ದಿನಗಳಲ್ಲಿ ಒಲೆಯ ಉಸ್ತುವಾರಿ ಮನೆಯ ಹೆಂಗಸರದು. ನೀರು ಪೂರಾ ಕಾಯುವ ಮೊದಲೇ ದಪ್ಪ ಕೊರಡನ್ನು ಹೊರಗೆಳೆದು, ಉಳಿದ ಕೆಂಡದಲ್ಲೇ ಕಡೆಯವರ ಸ್ನಾನ ಸಾಗಿಸುತ್ತಿದ್ದ ಆ ಕೈಗಳ ಮಿತವ್ಯಯಕ್ಕೆ ಸರಿಗಟ್ಟುವ ಯಂತ್ರವನ್ನು ನಾನಂತೂ ಕಂಡಿಲ್ಲ.

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನೂ 1905ರಲ್ಲಿ ಬೆಂಗಳೂರಿನ ಬೀದಿಗಳನ್ನೂ ತಲುಪಿದರೂ ಬಚ್ಚಲನ್ನು ಹೊಗಲು ಬಹುಕಾಲ ಹಿಡಿಯಿತು; ಅದುವರೆಗೆ ನಗರದ ಸ್ನಾನವು ಸೌದೆ ಡಿಪೋಗಳ ಮತ್ತು ಸುತ್ತಣ ಸರ್ವೆ ತೋಪುಗಳ ಋಣದಲ್ಲಿತ್ತು. ಗೀಸರು ಬಂದಿತು, ಹೊಗೆ ಹೋಯಿತು. ಆದರೆ ಮನೆಮನೆಯ ಗೀಸರೂ ಬೆಳಗಿನ ಒಂದೇ ಹೊತ್ತಿನಲ್ಲಿ ಕಾಯತೊಡಗಿದುದರಿಂದ ವಿದ್ಯುಜ್ಜಾಲಕ್ಕೆ ಪ್ರತಿ ಪ್ರಾತಃಕಾಲವೂ ಅಗ್ನಿಪರೀಕ್ಷೆಯಾಯಿತು. ಅದರ ಪರಿಹಾರಾರ್ಥವಾಗಿ ರಾಜ್ಯ ಸರ್ಕಾರವು 2007ರ ನವೆಂಬರಿನಲ್ಲಿ ಹಲವು ಬಗೆಯ ಕಟ್ಟಡಗಳಿಗೆ ಸೌರ ಜಲತಾಪಕವನ್ನು ಕಡ್ಡಾಯಗೊಳಿಸಿತು. ಅದನ್ನು ಹೂಡಿದ ಮನೆಗಳಿಗೆ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ 50 ರೂಪಾಯಿ ಮೀರದ ರಿಯಾಯಿತಿಯೂ ದೊರೆಯಿತು.

ಆದರೆ ಮೋಡದ ದಿನಗಳಿಗೆಂದು ಆ ಜಲತಾಪಕದ ತೊಟ್ಟಿಯೊಳಗೇ ಒಂದು ವಿದ್ಯುತ್ ಸುರುಳಿ ಕುಳಿತಿರುತ್ತದೆ. ತೊಟ್ಟಿಯ ಪಕ್ಕದ ಪುಟ್ಟ ಮುಚ್ಚಳವನ್ನು ಬಿಚ್ಚಿದರೆ ಒಳಗೆ ಥರ್ಮೋಸ್ಟ್ಯಾಟಿನ ತಿರುಪು ಕಾಣುತ್ತದೆ. ಅದನ್ನು 65 ಡಿಗ್ರಿಗೆ ತಿರುಗಿಸಿ, ಎಲ್ಲರ ಸ್ನಾನವಾದ ಮೇಲೂ ಸ್ವಿಚ್ಚನ್ನು ಆರಿಸದೆ ಮರೆತರೆ, ಹೊಸದಾಗಿ ತುಂಬಿಕೊಂಡ ತಣ್ಣೀರನ್ನು ಹತ್ತು ಗಂಟೆಯ ಬಿಸಿಲು ಮುಟ್ಟುವ ಮೊದಲೇ ಸುರುಳಿ ಕಾಯಿಸಿಬಿಡುತ್ತದೆ, ತಾರಸಿಯ ಮೇಲಿನ ಸೂರ್ಯನಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ. ರಿಯಾಯಿತಿಯು ಉಪಕರಣವಿದ್ದುದಕ್ಕೆ ಸಲ್ಲುವಂಥದು. ನೀರನ್ನು ಕಾಯಿಸಿದವರು ಯಾರೆಂದು ಮೀಟರು ವಿಚಾರಿಸದು.

ಈಚೆಗೆ ಬಂದ ಹೀಟ್ ಪಂಪಿಗೂ ಇದೇ ನ್ಯಾಯ. ಗಾಳಿಯ ಶಾಖವನ್ನು ಹೀರಿ ನೀರಿಗೆ ಸಾಗಿಸುವ ಈ ಯಂತ್ರವು ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ಮೂರು ಯೂನಿಟ್ಟಿನಷ್ಟು ಶಾಖವನ್ನು ಕೊಡಬಲ್ಲುದು, ಸುರುಳಿಯಾದರೋ ಒಂದಕ್ಕೆ ಒಂದೇ. ಹಿಮ ಬೀಳುವ ಅಮೆರಿಕದ ಊರುಗಳಲ್ಲಿ ಮನೆಯನ್ನೇ ಹೀಟ್ ಪಂಪಿನಿಂದ ಬೆಚ್ಚಗಿಡುವ ಕನ್ನಡ ಸಂಸಾರಗಳು, ರಾತ್ರಿ ಇಳಿಸಿದ ಉಷ್ಣತೆಯನ್ನು ಬೆಳಗ್ಗೆ ಒಮ್ಮೆಲೇ ಏರಿಸಿದರೆ, ಪಂಪೊಂದರಿಂದ ಸಾಗದೆಂದು ಬಗೆದ ಥರ್ಮೋಸ್ಟ್ಯಾಟು ದುಬಾರಿಯ ಸುರುಳಿಯನ್ನು ಕರೆದುಬಿಡುತ್ತದೆ. ಆದ್ದರಿಂದ ಬಲ್ಲವರು ಒಂದೊಂದೇ ಡಿಗ್ರಿ ಏರಿಸುವರು, ಹೊರಗಣ ಉಷ್ಣತೆ ಇಂತಿಷ್ಟಕ್ಕೆ ಇಳಿಯದ ಹೊರತು ಸುರುಳಿ ಏಳದಂತೆ ಕಟ್ಟುಮಾಡುವರು. ಡಿಸೆಂಬರಿನ ಮುಂಜಾವದಲ್ಲೂ ಬೊಮ್ಮಸಂದ್ರದ ಗಾಳಿ ಸಾಮಾನ್ಯವಾಗಿ 10 ಡಿಗ್ರಿಗಿಂತ ಕೆಳಗಿಳಿಯದಾದ್ದರಿಂದ ಇಲ್ಲಿನ ಪಂಪಿಗೆ ಆ ನೆಪವೂ ಇಲ್ಲ. ಪಂಪು ಕೆಟ್ಟ ದಿನವನ್ನು ಬಿಟ್ಟರೆ, ದೊಡ್ಡ ತೊಟ್ಟಿಯ ನಿಂತ ನೀರಿನ ಸೂಕ್ಷ್ಮಜೀವಿಗಳನ್ನು ನಾಶಪಡಿಸಲು ಆಗಾಗ್ಗೆ 60 ಡಿಗ್ರಿಗೆ ಏರಿಸುವುದೊಂದೇ ಸುರುಳಿಯ ಪಾಲಿಗೆ ಉಳಿಯುವ ಕೆಲಸ.