ಚಿತ್ರದ ಮುಷ್ಟಿಮಲ್ಲನಿಗೆ ಸಂದ ಶ್ರದ್ಧಾಂಜಲಿ

1970ನೆಯ ಇಸವಿ ಮಾರ್ಚ್ 24ರಂದು ಟೋಕಿಯೊ ನಗರದಲ್ಲಿ ಒಂದು ಶ್ರದ್ಧಾಂಜಲಿ ಸಭೆ ನಡೆಯಿತು. ಕೋದಾನ್ಶಾ ಎಂಬ ಹೆಸರಾಂತ ಪ್ರಕಾಶನ ಸಂಸ್ಥೆಯ ಸಭಾಂಗಣದ ನಡುವೆ, ಕಂಬ ಹಗ್ಗಗಳ ಸಮೇತ, ಮುಷ್ಟಿಯುದ್ಧದ ಕಣವೊಂದನ್ನು ನಿರ್ಮಿಸಿದ್ದರು. ಬೌದ್ಧ ಪುರೋಹಿತರು ಸೂತ್ರಪಠನ ಮಾಡಿದರು. ಬಂದವರು ಧೂಪ ಅರ್ಪಿಸಿ ತಲೆಬಾಗಿದರು. ಮೃತನಾದ ಮುಷ್ಟಿಮಲ್ಲನಿಗೆ ಸಲ್ಲಿಸುವ ಗೌರವವೆಂದು ಆ ಕ್ರೀಡೆಯಲ್ಲಿ ರೂಢಿಯಾಗಿರುವಂತೆ ಗಂಟೆಯನ್ನು ಹತ್ತು ಬಾರಿ ಬಾರಿಸಿದರು. ನೆರೆದಿದ್ದವರು ಸುಮಾರು 700 ಮಂದಿ. ಶಾಲೆಯ ಹುಡುಗರು, ಕಾಲೇಜು ವಿದ್ಯಾರ್ಥಿಗಳು, ದುಡಿಯುವ ತರುಣರು.

ಇಷ್ಟರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ಆಶ್ಚರ್ಯವಿರುವುದು ಬೇರೆಡೆ. ಯಾರಿಗಾಗಿ ಈ ವಿಧಿಯೆಲ್ಲ ನಡೆಯಿತೋ ಆ ರಿಕಿಯಿಶಿ ತೋರು ಎಂಬಾತ ಭೂಮಿಯ ಮೇಲೆ ಎಂದೂ ಬದುಕಿದ್ದವನಲ್ಲ. ಆತ ಒಂದು ಚಿತ್ರಕಥೆಯ ಪಾತ್ರ. ಅದಕ್ಕೂ ಮಿಗಿಲಾದ ವಿಷಯವೆಂದರೆ, ಆತ ಆ ಕಥೆಯ ನಾಯಕನೂ ಅಲ್ಲ. ನಾಯಕನನ್ನು ಹೊಡೆದು ಕೆಡವಿದ ಎದುರಾಳಿ. ನಾಯಕ ಮಡಿದಾಗ ಓದುಗರು ಕಣ್ಣೀರಿಟ್ಟ ಉದಾಹರಣೆಗಳು ಸಾಹಿತ್ಯದ ಚರಿತ್ರೆಯಲ್ಲಿ ಬೇಕಾದಷ್ಟಿವೆ. ಪ್ರತಿನಾಯಕನಿಗಾಗಿ ಜನರು ಬಂದು ಸಾಲಾಗಿ ನಿಂತು ಧೂಪ ಹಾಕಿದ್ದು ಅಪರೂಪ. ಅದು ಹೇಗಾಯಿತು ಎಂಬುದನ್ನು ವಿಚಾರ ಮಾಡುವುದು ಸ್ವಾರಸ್ಯಕರವಾದೀತು.

ಚಿತ್ರಕಥೆಯ ಹೆಸರು ‘ಅಶಿತಾ ನೊ ಜೋ’. ‘ನಾಳೆಯ ಜೋ’ ಎಂದು ಅದರ ಅರ್ಥ. ಕೋದಾನ್ಶಾದವರು 1959ರಲ್ಲಿ ಆರಂಭಿಸಿದ ‘ಶೋನೆನ್ ಮ್ಯಾಗಜಿನ್’ ಎಂಬ ಬಾಲಕರ ವಾರಪತ್ರಿಕೆಯಲ್ಲಿ ಅದು 1968ರ ಜನವರಿಯಿಂದ ಧಾರಾವಾಹಿಯಾಗಿ ಬಂದು 1973ರಲ್ಲಿ ಮುಗಿಯಿತು. ಕಥೆ ಬರೆದವರು ಕಾಜಿವಾರಾ ಇಕ್ಕಿ. ಅದೇ ಪತ್ರಿಕೆಯಲ್ಲಿ ಅವರ ಬೇಸ್‌ಬಾಲ್ ಕಥೆಯೊಂದು ಆಗಲೇ ಮನೆಮಾತಾಗಿತ್ತು. ಇದಕ್ಕೆ ಅವರು ತಕಾಮೊರಿ ಅಸಾವೊ ಎಂಬ ಬೇರೆ ಹೆಸರನ್ನು ಬಳಸಿದರು. ಚಿತ್ರ ಬರೆದವರು ಚಿಬಾ ತೆತ್ಸುಯಾ. ಬಾಲಕರದೆಂಬ ಹೆಸರಿದ್ದರೂ ಪತ್ರಿಕೆಯನ್ನು ಓದುತ್ತಿದ್ದವರು ಬಾಲಕರು ಮಾತ್ರವಲ್ಲ. ಬಲಗೈಯಲ್ಲಿ ಗಂಭೀರ ವಿಚಾರಗಳ ‘ಅಸಾಹಿ ಜರ್ನಲ್’, ಎಡಗೈಯಲ್ಲಿ ‘ಶೋನೆನ್ ಮ್ಯಾಗಜಿನ್’ ಎಂದು ಆ ಕಾಲದ ವಿದ್ಯಾರ್ಥಿಗಳ ವಿಷಯದಲ್ಲಿ ಒಂದು ಮಾತೇ ಹುಟ್ಟಿಕೊಂಡಿತ್ತು.

ಮುಷ್ಟಿಯುದ್ಧವೂ ಆಗ ಜಪಾನೀಯರಿಗೆ ಬರಿಯ ಆಟವಾಗಿರಲಿಲ್ಲ. ಯುದ್ಧದಲ್ಲಿ ಸೋತು ಪರರ ಆಳ್ವಿಕೆಗೆ ಒಳಗಾಗಿದ್ದ ಆ ದೇಶಕ್ಕೆ ಸ್ವಾತಂತ್ರ್ಯ ಮರಳಿ ಬಂದ ಕೆಲವೇ ವಾರಗಳಲ್ಲಿ, 1952ರ ಮೇ 19ರಂದು, ಶಿರಾಯಿ ಯೋಶಿಯೊ ಫ್ಲೈವೆಯಿಟ್ ವರ್ಗದಲ್ಲಿ ಜಗಜ್ಜೇತನಾದ. ಜಪಾನಿನ ಮೊದಲ ಜಗಜ್ಜೇತ ಮುಷ್ಟಿಮಲ್ಲ ಅವನೇ. ಬಳಿಕ ಹರಾದಾ ಎಂಬ ತರುಣ 1962ರಲ್ಲಿ ಅದೇ ಪಟ್ಟವನ್ನು ಗೆದ್ದು, 1965ರಲ್ಲಿ ಬ್ರೆಜಿಲಿನ ಎದೆರ್ ಜೋಫ್ರೆಯನ್ನು ಸೋಲಿಸಿ ಬ್ಯಾಂಟಮ್‌ವೆಯಿಟ್ ಪಟ್ಟವನ್ನೂ ಪಡೆದ. ಬಡವರ ಮನೆಯ ಹುಡುಗ ಎರಡು ಮುಷ್ಟಿಗಳನ್ನೇ ಬಂಡವಾಳವಾಗಿಟ್ಟುಕೊಂಡು ಲೋಕವನ್ನು ಗೆಲ್ಲಬಹುದೆಂಬ ನಂಬಿಕೆಗೆ ಇಂತಹ ನಿದರ್ಶನಗಳು ಕಣ್ಣೆದುರಿಗಿದ್ದವು.

ಕಥೆಯ ನಾಯಕ ಯಾಬುಕಿ ಜೋ ಅಂತಹ ಹುಡುಗನೇ. ತಂದೆತಾಯಿಯಿಲ್ಲದ ಅಲೆಮಾರಿ. ಟೋಕಿಯೊವಿನ ಸಾನ್ಯಾ ಎಂಬ ಕೂಲಿಗಾರರ ಬಡಾವಣೆಗೆ ಬಂದು ಸೇರುತ್ತಾನೆ. ಅಲ್ಲಿ ‘ನಾಮಿದಾಬಾಶಿ’, ಎಂದರೆ ಕಣ್ಣೀರ ಸೇತುವೆ, ಎಂಬ ಸ್ಥಳವಿದೆ. ಹಿಂದಿನ ಕಾಲದಲ್ಲಿ ಹತ್ತಿರದ ವಧಾಸ್ಥಾನಕ್ಕೆ ಅಪರಾಧಿಗಳನ್ನು ಒಯ್ಯುವಾಗ ಬಂಧುಗಳು ಕೊನೆಯ ಬಾರಿ ಅತ್ತು ಬೀಳ್ಕೊಡುತ್ತಿದ್ದುದು ಅಲ್ಲಿ ಎಂದು ಹೇಳುತ್ತಾರೆ. ಸೇತುವೆ ಈಗಿಲ್ಲ, ಹೆಸರು ಮಾತ್ರ ಒಂದು ರಸ್ತೆಯ ಕೂಡಿಗೆ ಉಳಿದಿದೆ. ಕಥೆಯಲ್ಲಿ ಆ ಸೇತುವೆಯ ಕೆಳಗೆ ಒಕ್ಕಣ್ಣಿನ ಮುದಿ ಗುರು ದಾನ್ಪೇ ತನ್ನ ಹರುಕುಮುರುಕು ಗರಡಿಯನ್ನು ಕಟ್ಟುತ್ತಾನೆ.

ರಿಕಿಯಿಶಿ ಜೋನಿಗೆ ಎದುರಾಗುವುದು ಬಾಲಾಪರಾಧಿಗಳ ಸುಧಾರಣಾಗೃಹದಲ್ಲಿ. ಆತ ಆಗಲೇ ನುರಿತ ಮುಷ್ಟಿಮಲ್ಲ. ಹೀಯಾಳಿಸಿದ ಪ್ರೇಕ್ಷಕನನ್ನು ಹೊಡೆದ ತಪ್ಪಿಗೆ ಅಲ್ಲಿ ಬಂದಿದ್ದವನು. ಜೋ ತಪ್ಪಿಸಿಕೊಂಡು ಓಡಲು ಹೊರಟಾಗ ಅವನನ್ನು ತಡೆದು ನಿಲ್ಲಿಸುವವನು ಇವನೇ. ಜೋ ಬೆಂಕಿಯಾದರೆ ಇವನು ತಣ್ಣನೆಯ ಉಕ್ಕು. ಜೋ ರೋಷದಿಂದ ಬೀಸುತ್ತಾನೆ. ಇವನು ನೋಡಿ, ಅಳೆದು, ಒಂದೇ ಏಟು ಕೊಡುತ್ತಾನೆ. ಇಬ್ಬರೂ ಒಂದೇ ಕ್ಷಣದಲ್ಲಿ ಏಟು ತಿಂದು ಒಟ್ಟಿಗೆ ಕೆಳಗೆ ಬಿದ್ದಾಗ ಅವರ ನಡುವಣ ವಾಗ್ದಾನ ಮನಸ್ಸಿನಲ್ಲೇ ಆಗಿಹೋಗುತ್ತದೆ. ಹೊರಗಿನ ಲೋಕದಲ್ಲಿ, ನಿಜವಾದ ಕಣದಲ್ಲಿ, ಈ ಲೆಕ್ಕ ತೀರಬೇಕು.

ಇಲ್ಲೊಂದು ತೊಡಕು ಬಂದಿತು. ಅದರ ಮೂಲ ಕಥೆಯಲ್ಲಿ ಇರಲಿಲ್ಲ, ಚಿತ್ರದಲ್ಲಿ ಇತ್ತು. ಇವರಿಬ್ಬರೂ ಮುಂದೆ ಸಮಬಲದ ಎದುರಾಳಿಗಳಾಗಿ ಸೆಣಸಬೇಕಾದೀತೆಂಬುದನ್ನು ಲೆಕ್ಕಿಸದೆ ಚಿಬಾ ಅವರು ರಿಕಿಯಿಶಿಯನ್ನು ಮೊದಲಲ್ಲೇ ಎತ್ತರದ, ದಪ್ಪ ಮೂಳೆಯ ಆಳನ್ನಾಗಿ ಬರೆದುಬಿಟ್ಟಿದ್ದರು. ಮುಷ್ಟಿಯುದ್ಧದಲ್ಲಿ ತೂಕದ ಕಟ್ಟುಪಾಡು ಬಲು ಬಿಗಿ. ಜೋ ಸೇರಿದ ಬ್ಯಾಂಟಮ್‌ವೆಯಿಟ್ ವರ್ಗಕ್ಕೆ ಮಿತಿ 118 ಪೌಂಡು, ಸುಮಾರು 53.5 ಕಿಲೋಗ್ರಾಂ. ರಿಕಿಯಿಶಿಯ ಮೈಕಟ್ಟಿನವನು ಆ ತಕ್ಕಡಿಯಲ್ಲಿ ನಿಲ್ಲುವುದು ಹೇಗೆ? ಸಣ್ಣ ಮನಸ್ಸಿನ ಕಥೆಗಾರರಾಗಿದ್ದರೆ ಚಿತ್ರವನ್ನು ಮೆಲ್ಲಗೆ ಕುಗ್ಗಿಸಿ ಓದುಗರ ಕಣ್ಣು ತಪ್ಪಿಸುತ್ತಿದ್ದರು. ಇವರಿಬ್ಬರು ಆ ತೊಡಕನ್ನೇ ಕಥೆಯ ಬೆನ್ನೆಲುಬಾಗಿ ಮಾಡಿಕೊಂಡರು.

ರಿಕಿಯಿಶಿ ಇಳಿದು ಬರಲು ನಿರ್ಧರಿಸುತ್ತಾನೆ. ಮೇಲಿನ ವರ್ಗದಲ್ಲಿ ಅವನಿಗೆ ಯಾವ ಕೊರತೆಯೂ ಇಲ್ಲ. ಗೆಲುವಿದೆ, ಹೆಸರಿದೆ, ಶ್ರೀಮಂತರಾದ ಶಿರಾಕಿ ಮನೆತನದ ಆಶ್ರಯವಿದೆ. ಆದರೂ ತನಗಿಂತ ಚಿಕ್ಕವನಾದ ಒಬ್ಬ ಒರಟು ಹುಡುಗನಿಗೆ ಕೊಟ್ಟ ಮಾತಿಗಾಗಿ ಅನ್ನ ನೀರು ಬಿಡುತ್ತಾನೆ. ವಾರದಿಂದ ವಾರಕ್ಕೆ ಚಿಬಾ ಅವರ ಕುಂಚ ಅವನ ಕೆನ್ನೆಯನ್ನು ಒಳಕ್ಕೆ ತಳ್ಳುತ್ತ ಹೋಯಿತು. ಒಂದು ರಾತ್ರಿ ಬಾಯಾರಿಕೆ ತಡೆಯಲಾರದೆ ಆತ ನೀರಿಗಾಗಿ ಹುಚ್ಚನಂತೆ ಹುಡುಕುತ್ತಾನೆ. ನಲ್ಲಿಗಳನ್ನೆಲ್ಲ ತಂತಿ ಸುತ್ತಿ ಬಿಗಿದಿದ್ದಾರೆ. ಶಿರಾಕಿ ಮನೆಯ ಮಗಳು ಯೋಕೊ ಕನಿಕರಪಟ್ಟು ಒಂದು ಲೋಟ ಬಿಸಿನೀರು ತಂದುಕೊಡುತ್ತಾಳೆ. ಆತ ಅದನ್ನು ಕೈಗೆ ತೆಗೆದುಕೊಂಡು, ಅವಳಿಗೆ ಕೃತಜ್ಞತೆ ಹೇಳಿ, ಕುಡಿಯದೆ ನೆಲಕ್ಕೆ ಸುರಿದುಬಿಡುತ್ತಾನೆ. ಜಪಾನಿನ ಒಂದು ಇಡೀ ಪೀಳಿಗೆ ಈ ದೃಶ್ಯವನ್ನು ಮರೆಯಲಿಲ್ಲ.

ಪಂದ್ಯದಲ್ಲಿ ಗೆದ್ದವನು ರಿಕಿಯಿಶಿ. ಕೆಳಗಿನಿಂದ ಮೇಲಕ್ಕೆ ಎತ್ತಿ ಹೊಡೆದ ಅವನ ಪ್ರಸಿದ್ಧವಾದ ಏಟಿಗೆ ಜೋ ಉರುಳುತ್ತಾನೆ. ಸೋತ ಜೋ ಎದ್ದು ಬಂದು ಕೈಕುಲುಕಲು ಕೈ ಚಾಚುತ್ತಾನೆ. ರಿಕಿಯಿಶಿಯೂ ಕೈ ಚಾಚುತ್ತಾನೆ. ಕೈಗೆ ಕೈ ಸೇರುವ ಮುನ್ನವೇ ಕುಸಿದು ಬಿದ್ದು ಸಾಯುತ್ತಾನೆ. ಪಂದ್ಯದ ನಡುವೆ ಕಣತಲೆಗೆ ಬಿದ್ದ ಏಟು, ಬೀಳುವಾಗ ಹಗ್ಗಕ್ಕೆ ತಲೆ ತಾಗಿದ್ದು, ಅದೆಲ್ಲಕ್ಕೂ ಮೊದಲೇ ಉಪವಾಸದಿಂದ ಬತ್ತಿಹೋಗಿದ್ದ ದೇಹ, ಎಲ್ಲವೂ ಸೇರಿ ಅವನನ್ನು ಕೊಂದವು. ಈ ಭಾಗ ಅಚ್ಚಾದದ್ದು 1970ರ ಆರಂಭದಲ್ಲಿ.

ಓದುಗರ ಮೆಚ್ಚುಗೆಯ ಗುಟ್ಟು ಇಲ್ಲಿದೆಯೆಂದು ನಮಗೆ ತೋರುತ್ತದೆ. ಸಾಮಾನ್ಯವಾಗಿ ಇಂತಹ ಕಥೆಗಳಲ್ಲಿ ಬಲಿಷ್ಠ ಎದುರಾಳಿ ಎಂಬವನು ನಾಯಕ ಹತ್ತಿ ಹೋಗುವ ಮೆಟ್ಟಿಲು. ಹತ್ತಿದ ಮೇಲೆ ಮೆಟ್ಟಿಲನ್ನು ಯಾರು ನೆನೆಯುತ್ತಾರೆ? ರಿಕಿಯಿಶಿ ಮೆಟ್ಟಿಲಾಗಲಿಲ್ಲ. ಅವನು ಸೋಲದೆಯೇ ಹೊರಟುಹೋದ. ಅವನನ್ನು ಸೋಲಿಸುವ ಅವಕಾಶ ಜೋನಿಗೆ ಇನ್ನೆಂದೂ ಇಲ್ಲ. ಕಥೆ ಮತ್ತೆ ಮೂರು ವರ್ಷ ನಡೆಯಿತು. ಅಷ್ಟು ಕಾಲವೂ ಸತ್ತವನೇ ಅದನ್ನು ಆಳಿದ. ಜೋ ಬಹುಕಾಲ ಎದುರಾಳಿಯ ಮುಖಕ್ಕೆ ಹೊಡೆಯಲಾರದೆ ಹೋಗುತ್ತಾನೆ. ಹೊಡೆದರೆ ಹೊಟ್ಟೆ ತೊಳಸಿ ವಾಂತಿಯಾಗುತ್ತದೆ.

ಎರಡನೆಯದಾಗಿ, ರಿಕಿಯಿಶಿಯ ಬಲಕ್ಕೆ ಜನ ತಲೆಬಾಗಲಿಲ್ಲ. ಬಲಿಷ್ಠನಾಗಿದ್ದೂ ಆತ ಕೆಳಗಿಳಿದು ಬಂದುದಕ್ಕೆ ತಲೆಬಾಗಿದರು. ಮೇಲಿದ್ದವನು ಕೆಳಗಿನವನನ್ನು ತನ್ನ ಸಮಾನನೆಂದು ಒಪ್ಪಿ, ಆ ಸಮಾನತೆಯ ಬೆಲೆಯನ್ನು ತನ್ನ ರಕ್ತಮಾಂಸದಿಂದ ತೆತ್ತ. ರನ್ನನ ಗದಾಯುದ್ಧವನ್ನು ಓದಿ ದುರ್ಯೋಧನನಿಗಾಗಿ ಮರುಗಿದ ಕನ್ನಡಿಗರಿಗೆ ಈ ಭಾವ ಹೊಸದೇನಲ್ಲ. ಗೆಲುವು ಯಾರದೆಂಬುದು ಒಂದು ಲೆಕ್ಕ, ಛಲ ಯಾರದೆಂಬುದು ಇನ್ನೊಂದು ಲೆಕ್ಕ.

ಇಷ್ಟಾದರೂ ಅಭಿಮಾನವೊಂದರಿಂದಲೇ ಸಭೆ ಕೂಡುವುದಿಲ್ಲ; ಕೂಡಿಸುವವರು ಬೇಕು. ಕೂಡಿಸಿದವರು ಕವಿ ತೆರಾಯಾಮಾ ಶೂಜಿ. 1967ರಲ್ಲಿ ‘ತೆಂಜೋ ಸಾಜಿಕಿ’ ಎಂಬ ಪ್ರಾಯೋಗಿಕ ನಾಟಕ ತಂಡವನ್ನು ಕಟ್ಟಿದವರು. ಮುಷ್ಟಿಯುದ್ಧದ ಹುಚ್ಚು ಅವರಿಗೆ ಮೊದಲಿನಿಂದಲೂ ಇತ್ತು. 1966ರಲ್ಲಿ ಅದನ್ನೇ ವಸ್ತುವಾಗಿಸಿ ಕಾದಂಬರಿಯನ್ನು ಪ್ರಕಟಿಸಿದ್ದರು. ಈ ಚಿತ್ರಕಥೆಯನ್ನು ಆಧರಿಸಿದ ಟೆಲಿವಿಷನ್ ಮಾಲಿಕೆಯ ಶೀರ್ಷಿಕೆಗೀತೆಯನ್ನು ಬರೆದವರೂ ಅವರೇ. ಆ ಮಾಲಿಕೆಯನ್ನು ತಯಾರಿಸಿದ್ದು ತೇಜುಕಾ ಒಸಾಮು ಸ್ಥಾಪಿಸಿದ್ದ ಮುಶಿ ಪ್ರೊಡಕ್ಷನ್. ನಿರ್ದೇಶಿಸಿದವರು ಇನ್ನೂ 26 ವರ್ಷದ ದೇಜಾಕಿ ಒಸಾಮು. ಅದರ ಪ್ರಸಾರ ಆರಂಭವಾದದ್ದು 1970ರ ಏಪ್ರಿಲ್ 1ರಂದು, ಅಂದರೆ ಶ್ರದ್ಧಾಂಜಲಿ ನಡೆದು ಎಂಟೇ ದಿನಕ್ಕೆ. ಹಾಗಾದರೆ ಅದೆಲ್ಲ ಬರಿಯ ಪ್ರಚಾರದ ತಂತ್ರವೇ ಎಂದು ಕೇಳಬಹುದು. ಪ್ರಚಾರದ ಅಂಶ ಇರಲಿಲ್ಲವೆನ್ನಲಾಗದು. ಆದರೆ ಡಂಗುರ ಸಾರಿದ ಮಾತ್ರಕ್ಕೆ ಜನರ ಕಣ್ಣಲ್ಲಿ ನೀರು ಬರುವುದಿಲ್ಲ.

ಆ ನೀರಿನ ಹಿಂದೆ ಕಾಲದ ಒತ್ತಡವೂ ಇತ್ತು. 1968–69ರಲ್ಲಿ ಜಪಾನಿನ ವಿಶ್ವವಿದ್ಯಾಲಯಗಳು ಹೊತ್ತಿ ಉರಿದಿದ್ದವು. 1969ರ ಜನವರಿಯಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಯಾಸುದಾ ಭವನದಲ್ಲಿ ನೆಲೆಯೂರಿದ್ದ ವಿದ್ಯಾರ್ಥಿಗಳನ್ನು ಪೋಲೀಸರು ಎರಡು ದಿನ ಸೆಣಸಿ ಹೊರಗೆ ಹಾಕಿದರು. ಆ ವೇಳೆಗೆ ಚಳವಳಿಯ ಬೆನ್ನು ಮುರಿದಿತ್ತು. 1970ರ ಮಾರ್ಚಿಯಲ್ಲಿ ಒಸಾಕಾದಲ್ಲಿ ಜಾಗತಿಕ ವಸ್ತುಪ್ರದರ್ಶನ ಆರಂಭವಾಗಿ, ದೇಶ ತನ್ನ ಸಿರಿವಂತಿಕೆಯನ್ನು ಲೋಕಕ್ಕೆ ತೋರಿಸಲು ಹೊರಟಿತ್ತು. ಸೋತ ತರುಣರಿಗೆ ತಾವು ಯಾರೊಡನೆ ಹೋರಾಡುತ್ತಿದ್ದೇವೆಂಬುದೇ ಮಸುಕಾಗುತ್ತಿದ್ದ ಹೊತ್ತು ಅದು. ತೆರಾಯಾಮಾ ಆಗ ಬರೆದ ಲೇಖನದಲ್ಲಿ ಒಂದು ವಿಲಕ್ಷಣವಾದ ಮಾತನ್ನು ಹೇಳಿದರು. ಅದರ ಸಾರಾಂಶ ಇಷ್ಟು: ರಿಕಿಯಿಶಿ ಅತಿಮಾನವನೂ ಅಲ್ಲ, ಯುಗದ ವೀರನೂ ಅಲ್ಲ, ಕೊಳೆಗೇರಿಯ ಜೋ ತನ್ನ ಮನಸ್ಸಿನಲ್ಲಿ ಕಲ್ಪಿಸಿಕೊಂಡ ಶತ್ರು, ಅಧಿಕಾರಶಕ್ತಿಯ ಒಂದು ಭ್ರಮಾರೂಪ. ಈ ಮಾತನ್ನು ಒಪ್ಪಿದರೆ ಅಂದು ಜನರು ಶೋಕಿಸಿದ್ದು ಒಬ್ಬ ಮಲ್ಲನಿಗಾಗಿ ಅಲ್ಲ. ಎದುರಿಗೆ ನಿಂತು, ಮುಖಾಮುಖಿಯಾಗಿ ಹೊಡೆದಾಡಬಲ್ಲ ಶತ್ರುವೇ ಇಲ್ಲವಾದನಲ್ಲ ಎಂದು.

ತೆರಾಯಾಮಾರ ವಿವರಣೆ ಚತುರವಾದುದು. ಆದರೆ ಪೂರ್ಣವಾಗಿ ಒಪ್ಪತಕ್ಕುದಲ್ಲ. ಅಧಿಕಾರಶಕ್ತಿ ಎಂದಾದರೂ ಬಡವನ ಜೊತೆ ಸಮನಾಗಿ ನಿಲ್ಲಲು ಹಸಿದಿರುವುದುಂಟೇ? ರಿಕಿಯಿಶಿಯನ್ನು ಅಧಿಕಾರದ ಸಂಕೇತವೆಂದರೆ ಆ ಚೆಲ್ಲಿದ ನೀರಿಗೆ ಅರ್ಥವೇ ಇಲ್ಲದಂತಾಗುತ್ತದೆ. ಧೂಪ ಹಾಕಲು ಬಂದ ಶಾಲೆಯ ಹುಡುಗನಿಗೆ ಆ ನೀರಿನ ಅರ್ಥ ಸರಿಯಾಗಿಯೇ ತಿಳಿದಿತ್ತು.

ಅದೇ ಕಥೆಯನ್ನು ಬೇರೆ ರೀತಿಯಲ್ಲಿ ಓದಿದವರೂ ಇದ್ದರು. ಸಭೆಯ ಒಂದು ವಾರದ ಬಳಿಕ, ಮಾರ್ಚ್ 31ರಂದು, ಕೆಂಪು ಸೇನೆ ಬಣದ ಒಂಬತ್ತು ಮಂದಿ ತರುಣರು ‘ಯೋದೋ’ ಎಂಬ ಪ್ರಯಾಣಿಕ ವಿಮಾನವನ್ನು ಅಪಹರಿಸಿ, ನಡುವೆ ದಕ್ಷಿಣ ಕೊರಿಯಾದಲ್ಲಿ ಇಳಿದು ಪ್ರಯಾಣಿಕರನ್ನು ಬಿಟ್ಟು, ಉತ್ತರ ಕೊರಿಯಾಕ್ಕೆ ಹಾರಿದರು. ಅವರ ಮುಖಂಡ ತಾಮಿಯಾ ತಕಾಮಾರೊ ಬರೆದಿಟ್ಟ ಘೋಷಣೆಯಲ್ಲಿ ತಾವೇ ನಾಳೆಯ ಜೋ ಎಂದು ಹೇಳಿಕೊಂಡಿದ್ದ. ಆತ 1995ರಲ್ಲಿ ಪರದೇಶದಲ್ಲೇ ತೀರಿಕೊಂಡ. ನಾಯಕನ ಹೆಸರನ್ನು ತಮಗೆ ಇಟ್ಟುಕೊಳ್ಳುವುದು ಸುಲಭ. ನಿರಪರಾಧಿಗಳಾದ ಪ್ರಯಾಣಿಕರ ಎದುರು ಕತ್ತಿ ಹಿಡಿದು ನಿಂತ ಈ ಜೋಗಳಿಗೆ ಸಮಾನರೊಡನೆ ಮಾತ್ರ ಸೆಣಸಬೇಕೆಂಬ ರಿಕಿಯಿಶಿಯ ಪಾಠ ಹತ್ತಲಿಲ್ಲ. ತಾನು ರಿಕಿಯಿಶಿ ಎಂದು ಹೇಳಿಕೊಳ್ಳುವ ಧೈರ್ಯವನ್ನು ಮಾತ್ರ ಯಾರೂ ಮಾಡಲಿಲ್ಲ.

ಟೆಲಿವಿಷನ್ನಿನಲ್ಲಿ ರಿಕಿಯಿಶಿ ಸತ್ತದ್ದು ಸುಮಾರು ಒಂದು ವರ್ಷ ಕಳೆದ ಮೇಲೆ. ಅವನ ಗತಿ ಏನೆಂದು ಮೊದಲೇ ತಿಳಿದವರೂ ಕುಳಿತು ನೋಡಿದರು. 2012ರಲ್ಲಿ ಸಾನ್ಯಾದ ಅಂಗಡಿ ಬೀದಿಯಲ್ಲಿ ಜೋನ ಪ್ರತಿಮೆಯನ್ನು ನಿಲ್ಲಿಸಿದರು. ಅದು ನ್ಯಾಯವೇ, ಅದು ಅವನ ಊರು. ಪ್ರತಿಮೆ ಗೆಲ್ಲಬೇಕೆಂದು ಹೋರಾಡಿದವನ ನೆನಪಿಗೆ. ಗೆದ್ದೂ ಕೈ ಚಾಚಿದವನ ನೆನಪು ಕಲ್ಲು ಕಂಚುಗಳಿಗಿಂತ, ಅವನನ್ನು ಓದಿ ದೊಡ್ಡವರಾದವರ ನಡತೆಯಲ್ಲಿ ಎಷ್ಟು ಉಳಿದಿದೆಯೋ ಅಷ್ಟೇ.